ಕಡಕ್ ಸದ್ದು, ಕಡಕ್ ಕಾಫಿ

ಮೂವತ್ತೆರಡು ವರ್ಷ ಸರ್ಕಾರಿ ನೌಕರಿ ಮಾಡಿದೆ. ಮೂರು ಸಲ ಮೆಮೋ, ಒಂದು ಸಲ ಇಲಾಖಾ ವಿಚಾರಣೆ, ಎರಡು ಸಲ ನೀರು ನೆರಳಿಲ್ಲದ ಊರಿಗೆ ವರ್ಗ, ಎಲ್ಲ ಆಯಿತು. ಸಸ್ಪೆನ್ಷನ್ ಮಾತ್ರ ನನ್ನ ಹತ್ತಿರ ಸುಳಿಯಲಿಲ್ಲ. ನಿವೃತ್ತಿಯ ದಿನ ಅದೊಂದೇ ಕಾರಣಕ್ಕೆ ಗಣಪತಿಗೆ ಒಂದು ಈಡುಗಾಯಿ ಒಡೆದವನು ನಾನು. ಈಗ ಮನೆಯಲ್ಲಿ ಕೂತು ಪೇಪರು ಓದುತ್ತಿರುವವನಿಗೆ ಆ ಶಬ್ದ ಗ್ಯಾರೇಜಿನ ಕಡೆಯಿಂದ ಬಂದು ವಕ್ಕರಿಸಿತು. "ಸಾರ್, ಸಸ್ಪೆನ್ಷನ್ ಹೋಗಿದೆ" ಅಂದ ಗ್ಯಾರೇಜಿನ ಭಾಯ್. ಕಚೇರಿಯಲ್ಲಿ ಯಾರದಾದರೂ ಸಸ್ಪೆನ್ಷನ್ ಹೋಯಿತು ಅಂದರೆ ಮೈಸೂರು ಪಾಕ್ ಹಂಚುವ ಸುದ್ದಿ. ಇಲ್ಲಿ ಅದು ಹೋದದ್ದೇ ಶಿಕ್ಷೆ.

ಈ ಕೊರಗನ್ನು ಕಾಂಪೌಂಡಿನ ಆಚೆ ನಿಂತಿದ್ದ ಮೇಷ್ಟ್ರ ಹತ್ತಿರ ಹೇಳಿಕೊಂಡೆ. ಪಕ್ಕದ ಮನೆಯ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಕುವೆಂಪುನಗರದ ನಮ್ಮ ಒಳರಸ್ತೆಯಲ್ಲಿ ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಅದರ ಮೇಲೆ ಅವರು ಮೊಣಕೈ ಊರುವ ಜಾಗದಲ್ಲಿ ಸುಣ್ಣ ಸವೆದು ಎರಡು ಬೋಳು ಗುರುತುಗಳಿವೆ. ಮಳೆಗಾಲದಲ್ಲಿ ಅಲ್ಲಿ ಪಾಚಿ ಕಟ್ಟುವುದಿಲ್ಲ.

"ಇವತ್ತು ಹೋದದ್ದಲ್ಲ ಸ್ವಾಮಿ, ಅದು ಹೋಗಿ ಒಂದು ವರ್ಷ ಆಯ್ತು" ಅಂದರು ಮೇಷ್ಟ್ರು. "ತಿರುವಿನ ಹಂಪು ಹತ್ತಿದರೆ ನಿಮ್ಮ ಕಾರು ಕಡಕ್ ಅನ್ನುತ್ತೆ. ಆ ಕಡಕ್ ಕೇಳಿಯೇ ನಿಮ್ಮ ಮನೆಯವರು ಕಾಫಿಗೆ ಹಾಲಿಡೋದು. ನೀವು ಗೇಟು ತೆಗೆದು, ಕಾರು ಒಳಗೆ ಬಿಟ್ಟು, ಚಪ್ಪಲಿ ಕಳಚುವ ಹೊತ್ತಿಗೆ ಲೋಟ ಕೈಗೆ ಬರುತ್ತೆ. ನಿಮಗೆ ಗೊತ್ತಿರಲಿಲ್ಲವೇ?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವಳಿಗೆ ಅಂತರಂಗದ ಸೂಚನೆ ಸಿಗುತ್ತದೆ ಎಂದು ನಂಬಿಕೊಂಡಿದ್ದೆ. ಅದು ಬಲಗಡೆಯ ಮುಂದಿನ ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮಿನ ಸೂಚನೆ!

ಕಾರು ಓಡಿಸುವವನಿಗೆ ಕೇಳಿಸುವುದಿಲ್ಲ, ಅದೇ ಈ ಕಾಯಿಲೆಯ ಗುಣ. ಬ್ರೇಕು ಕೆಟ್ಟರೆ ಗೊತ್ತಾಗುತ್ತದೆ, ಬ್ಯಾಟರಿ ಸತ್ತರೆ ಕಾರು ಏಳುವುದೇ ಇಲ್ಲ. ಶಾಕ್ ಅಬ್ಸಾರ್ಬರ್ ಮಾತ್ರ ದಿನಕ್ಕೊಂದು ಎಳ್ಳಿನಷ್ಟು ಸವೆಯುತ್ತದೆ, ನಾವೂ ದಿನಕ್ಕೊಂದು ಎಳ್ಳಿನಷ್ಟು ಹೊಂದಿಕೊಳ್ಳುತ್ತೇವೆ. ಕೊನೆಗೆ ರಸ್ತೆಯೇ ಕೆಟ್ಟಿದೆ ಎಂದು ನಗರಪಾಲಿಕೆಯನ್ನು ಬೈಯುತ್ತೇವೆ. ಬೈಗುಳ ವ್ಯರ್ಥವಾಗುವುದಿಲ್ಲ ಅನ್ನಿ, ರಸ್ತೆಯೂ ಕೆಟ್ಟೇ ಇರುತ್ತದೆ.

ಹೆಂಡತಿಗೆ ಮಾತ್ರ ಬೇರೊಂದು ಅಳತೆಗೋಲಿತ್ತು. ಅವಳ ತವರು ಸಕಲೇಶಪುರದಿಂದ ಒಳಗೆ. ಹೋಗಿ ಬರುವಾಗೆಲ್ಲ ಅತ್ತೆಯ ಮನೆಯ ಮೊಸರನ್ನು ಸ್ಟೀಲ್ ಡಬ್ಬಿಯಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುವುದು ವಾಡಿಕೆ. ಮೊದಲೆಲ್ಲ ಹಾಸನ ದಾಟಿ, ಹೊಳೆನರಸೀಪುರ ದಾಟಿ ಮೈಸೂರಿಗೆ ಬಂದರೂ ಮೊಸರು ಕತ್ತರಿಸುವ ಹಾಗಿರುತ್ತಿತ್ತು. ಎರಡು ವರ್ಷದಿಂದ ಮುಚ್ಚಳ ತೆಗೆದರೆ ಅರ್ಧ ಮಜ್ಜಿಗೆ. ಹೋದ ತಿಂಗಳು ಮೇಲೆ ಬೆಣ್ಣೆಯೂ ತೇಲುತ್ತಿತ್ತು. "ಇನ್ನು ನಿಮ್ಮ ಕಾರಿಗೆ ಕಡೆಗೋಲು ಅಂತ ಹೆಸರಿಡಿ" ಅಂದಳು.

ಕಾರಿನ ನಿಜವಾದ ಹೆಸರು ಬೇಡ. ಇಪ್ಪತ್ತೊಂದು ವರ್ಷ ದುಡಿಸಿಕೊಂಡು ಈಗ ಮಾಡಿದವರ ಹೆಸರೆತ್ತಿ ದೂರುವುದು ಧರ್ಮವಲ್ಲ. 2004ರ ಡಿಸೆಂಬರಿನಲ್ಲಿ ನೋಂದಣಿಯಾದ ಬೂದು ಬಣ್ಣದ ಸಣ್ಣ ಕಾರು, ಇಷ್ಟು ಸಾಕು. ಓಡಿರುವುದು ಬರೀ 92 ಸಾವಿರ ಕಿಲೋಮೀಟರು. ಅದನ್ನೇ ಹೆಮ್ಮೆಯಿಂದ ಹೇಳಿದಾಗ ಮೇಷ್ಟ್ರು ತಲೆಯಾಡಿಸಿದರು. "ರಬ್ಬರಿಗೆ ಕಿಲೋಮೀಟರು ಗೊತ್ತಿಲ್ಲ ಸ್ವಾಮಿ, ಅದು ವರ್ಷ ಎಣಿಸುತ್ತೆ. ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದರೂ ಬುಷ್ ಗಟ್ಟಿಯಾಗಿ ಬಿರುಕು ಬಿಡುತ್ತೆ."

ಮಾತು ಅಷ್ಟಕ್ಕೆ ನಿಲ್ಲಬೇಕಿತ್ತು. ಆದರೆ ಮೇಷ್ಟ್ರು ಗೇಟು ತೆಗೆದುಕೊಂಡು ನಮ್ಮ ಅಂಗಳಕ್ಕೆ ಬಂದರು. ಅವರ ಗೇಟಿನ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಬಿಟ್ಟರೆ ತಾನಾಗಿ ಮುಚ್ಚಲಿ ಎಂದು ಅದಕ್ಕೊಂದು ಸ್ಪ್ರಿಂಗು ಹಾಕಿಸಿದ್ದಾರೆ. ಅದು ಮುಚ್ಚುವಾಗ ಧಡಾರ್ ಎನ್ನುವ ಸದ್ದಿಗೆ ನಮ್ಮ ಕಿಟಕಿ ಗಾಜು ಅದುರುತ್ತದೆ. ಬೆಳಗಿನ ಐದೂವರೆಗೆ ಅವರು ವಾಕಿಂಗ್ ಹೊರಟರೆ ಇಡೀ ಬೀದಿಗೆ ಸುಪ್ರಭಾತ.

ಬಂದವರು ಬಾನೆಟ್ಟಿನ ಒಂದು ಮೂಲೆಗೆ ಎರಡೂ ಅಂಗೈ ಊರಿ, ಜೋರಾಗಿ ಒತ್ತಿ, ಕೈ ಬಿಟ್ಟರು. ಕಾರು ಮೇಲೆದ್ದಿತು, ಕೆಳಗಿಳಿಯಿತು, ಮತ್ತೆ ಎದ್ದಿತು, ಮತ್ತೆ ಇಳಿಯಿತು. "ಒಂದು ಸಲ ಎದ್ದು ಕೂತರೆ ಆರೋಗ್ಯ. ಇದು ನೋಡಿ, ಕರೆದ ಕೂಡಲೇ ತಲೆಯಾಡಿಸುವ ಕೋಲೆ ಬಸವ."

ಆಮೇಲೆ ಪಾಠ. ಶಾಕ್ ಅಬ್ಸಾರ್ಬರ್ ಎನ್ನುವ ಹೆಸರೇ ತಪ್ಪು ಎನ್ನುವುದು ಅವರ ವಾದ. ಗುಂಡಿಯ ಏಟನ್ನು ತಿನ್ನುವುದು ಸ್ಪ್ರಿಂಗು. ಆದರೆ ಸ್ಪ್ರಿಂಗಿಗೆ ತಿಂದದ್ದನ್ನು ಅರಗಿಸಿಕೊಳ್ಳುವ ಶಕ್ತಿ ಇಲ್ಲ, ವಾಪಸು ಉಗುಳುತ್ತದೆ. ತೊಟ್ಟಿಲನ್ನು ಒಂದು ಸಲ ತಳ್ಳಿಬಿಟ್ಟರೆ ತೂಗುತ್ತಲೇ ಇರುತ್ತದಲ್ಲ, ಹಾಗೆ. ಆ ತೊಟ್ಟಿಲನ್ನು ಮೆಲ್ಲಗೆ ಹಿಡಿದು ನಿಲ್ಲಿಸುವ ಅಜ್ಜಿಯ ಕೈ ಇದೆ ನೋಡಿ, ಅದು ಶಾಕ್ ಅಬ್ಸಾರ್ಬರು. ಕೊಳವೆಯೊಳಗೆ ಎಣ್ಣೆ, ಎಣ್ಣೆಯೊಳಗೆ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು. ಕಾರು ಕುಣಿದಾಗಲೆಲ್ಲ ಎಣ್ಣೆ ಆ ತೂತುಗಳಲ್ಲಿ ನುಸುಳಿ ಒದ್ದಾಡಬೇಕು. ಆ ಒದ್ದಾಟದಲ್ಲಿ ಕುಣಿತವೆಲ್ಲ ಶಾಖವಾಗುತ್ತದೆ. "ಶಾಖ ಎಲ್ಲಿಗೆ ಹೋಗುತ್ತೆ?" ಎಂದು ಥಟ್ಟನೆ ನನ್ನ ಕಡೆ ಬೆರಳು ತೋರಿಸಿದರು. ಅರವತ್ತಾರನೆಯ ವಯಸ್ಸಿನಲ್ಲಿ ನಾನು ಬೆಂಚಿನ ಮೇಲೆ ನಿಲ್ಲುವ ಹುಡುಗನಂತೆ ತಡವರಿಸಿದೆ.

ಉತ್ತರ ಸಿಕ್ಕಿದ್ದು ಮುಂದಿನ ವಾರ, ಸಕಲೇಶಪುರದಿಂದ ಬಂದು ಇಳಿದ ದಿನ. ಚಪ್ಪಲಿ ಕಳಚುವುದಕ್ಕೂ ಬಿಡದೆ ಮೇಷ್ಟ್ರು ಟಾರ್ಚು ಹಿಡಿದು ಬಂದು ಹಿಂದಿನ ಚಕ್ರದ ಬಳಿ ಕೂತರು. ಬ್ರೇಕಿಗೂ ಸೈಲೆನ್ಸರಿಗೂ ಕೈ ತಾಗಿಸಬೇಡಿ ಎಂದು ಎಚ್ಚರಿಸಿ, ಚಕ್ರದ ಒಳಗಿನ ಶಾಕ್ ಅಬ್ಸಾರ್ಬರ್ ಮುಟ್ಟಲು ಹೇಳಿದರು. ಎಡಗಡೆಯದು ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ ಬಿಸಿ. ಬಲಗಡೆಯದು ತಣ್ಣಗೆ, ಮೈಯೆಲ್ಲ ಎಣ್ಣೆ, ಎಣ್ಣೆಗೆ ಮೆತ್ತಿದ ದೂಳು. "ಬಿಸಿ ಇರೋದು ಕೆಲಸ ಮಾಡ್ತಾ ಇದೆ. ತಣ್ಣಗಿರೋದು ಸತ್ತು ಎಷ್ಟು ದಿನವಾಯ್ತೋ" ಅಂದರು ಮೇಷ್ಟ್ರು. ಮುಂದಿನ ಎರಡು ಕೊನೆಯುಸಿರಿನಲ್ಲಿದ್ದವು. ಟೈರಿನ ಮೇಲೆ ಅಂಗೈ ಸವರಿದರೆ ಅಲೆ ಅಲೆಯಾಗಿ ತಗ್ಗು ದಿಣ್ಣೆ. ಚಕ್ರ ನೆಲಕ್ಕೆ ಒತ್ತಿಕೊಂಡು ಉರುಳುವ ಬದಲು ಕುಪ್ಪಳಿಸಿದರೆ ಟೈರು ಹೀಗೆ ಬಟ್ಟಲು ಬಟ್ಟಲಾಗಿ ಸವೆಯುತ್ತದಂತೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಪ್ರಯೋಜನವೇನು ಎಂದು ಅವರು ಕೇಳಿದ ಪ್ರಶ್ನೆ ಆ ರಾತ್ರಿ ನನ್ನ ನಿದ್ದೆ ಕೆಡಿಸಿತು.

ಭಾಯ್ ಚೀಟಿ ಬರೆದುಕೊಟ್ಟ. ಮುಂದಿನ ಶಾಕ್ ಅಬ್ಸಾರ್ಬರ್ ಜೊತೆಗೆ 5,600 ರೂಪಾಯಿ, ಹಿಂದಿನ ಜೊತೆಗೆ 3,200. ಬಾಲ್ ಜಾಯಿಂಟ್ ಸಮೇತ ಲೋಯರ್ ಆರ್ಮ್ ಎರಡಕ್ಕೆ 3,400. ಮೌಂಟಿಂಗು, ಬೇರಿಂಗು, ಲಿಂಕ್ ರಾಡು, ಟೈ ರಾಡ್ ಎಂಡು ಎಲ್ಲ ಸೇರಿ 3,600. ಕೂಲಿ 3,000. ಕೊನೆಗೆ ವೀಲ್ ಅಲೈನ್‌ಮೆಂಟಿಗೆ 600. ಒಟ್ಟು 19,400.

ಬೆಂಗಳೂರಿನ ಮಗನಿಗೆ ಫೋನು ಮಾಡಿದೆ. ಅವನು ಒಂದು ನಿಮಿಷದಲ್ಲಿ ಮೊಬೈಲಿನಲ್ಲೇ ನೋಡಿ, "ಅಪ್ಪಾ, ಆ ಕಾರನ್ನ ಎಕ್ಸ್‌ಚೇಂಜಿಗೆ ಕೊಟ್ಟರೆ 40 ಸಾವಿರ ಬಂದರೆ ದೊಡ್ಡದು. 40 ಸಾವಿರದ ಕಾರಿಗೆ 19 ಸಾವಿರದ ರಿಪೇರಿನಾ?" ಅಂದ. ಹಿಂದಿನಿಂದ ಸೊಸೆಯ ದನಿ ಕೇಳಿಸಿತು: "ಮೂಗಿಗಿಂತ ಮೂಗುತಿ ಭಾರ ಆಯ್ತು ಮಾವ."

ಗಾದೆ ಕೇಳಿದರೆ ನಾವು ಕನ್ನಡದವರು ಸುಮ್ಮನಾಗಿಬಿಡುತ್ತೇವೆ. ಎದುರಾಡಲು ಇನ್ನೊಂದು ಗಾದೆಯೇ ಬೇಕು. ನಾನೂ ಸುಮ್ಮನಾದೆ. ಎರಡು ದಿನ ಕಾರಿನ ಹತ್ತಿರ ಹೋಗಲಿಲ್ಲ. ಆದರೆ ಗಾದೆ ಎಲ್ಲೋ ಚುಚ್ಚುತ್ತಿತ್ತು. ಮೂರನೆಯ ದಿನ ಸ್ನಾನ ಮಾಡುವಾಗ ಹೊಳೆಯಿತು. 40 ಸಾವಿರ ಎನ್ನುವುದು ಮೂಗನ್ನು ಮಾರುವವನ ಲೆಕ್ಕ. ನಾನು ಮೂಗು ಇಟ್ಟುಕೊಂಡಿರುವುದು ಉಸಿರಾಡುವುದಕ್ಕೆ! ಒದ್ದೆ ತಲೆಯಲ್ಲೇ ಬಂದು ಕಾಂಪೌಂಡಿನ ಮೇಲೆ ಇದನ್ನು ಹೇಳಿದಾಗ ಮೇಷ್ಟ್ರು, "ಆರ್ಕಿಮಿಡೀಸನಿಗೂ ಸ್ನಾನದಲ್ಲೇ ಹೊಳೆದದ್ದು. ನೀವು ಟವಲಾದರೂ ಸುತ್ತಿಕೊಂಡು ಬಂದಿದ್ದೀರಿ" ಎಂದು ಮೆಚ್ಚಿದರು.

ನಾವಿಬ್ಬರೂ ಮತ್ತೆ ಲೆಕ್ಕ ಹಾಕಿದೆವು. ಹೊಸದು ಬೇಕೆಂದರೆ ಸಣ್ಣದಕ್ಕೂ ಏಳು ಲಕ್ಷ ಅಂದುಕೊಳ್ಳೋಣ. 2025ರ ಸೆಪ್ಟೆಂಬರಿನಿಂದ ಸಣ್ಣ ಕಾರಿನ ಜಿಎಸ್‌ಟಿ 18%ಗೆ ಇಳಿದಿದೆ, ಅದು ಮಗನ ಪಕ್ಷದ ಸಾಕ್ಷಿ. ಇತ್ತ ನಮ್ಮ ರಾಜ್ಯದಲ್ಲಿ 5 ಲಕ್ಷದಿಂದ 10 ಲಕ್ಷದೊಳಗಿನ ಕಾರಿಗೆ ಜೀವಿತಾವಧಿ ತೆರಿಗೆ 14%, ಅದರ ಮೇಲೆ ಸೆಸ್ಸು. ಯಾರ ಜೀವಿತಾವಧಿ ಎಂದು ಒಂದು ಸಲ ಆರ್‌ಟಿಒದಲ್ಲಿ ಕೇಳಿದ್ದೆ. ಕೌಂಟರಿನಾತ ನನ್ನ ನರೆಗೂದಲು ನೋಡಿ ನಕ್ಕ, ಉತ್ತರ ಹೇಳಲಿಲ್ಲ. ಇನ್ನು ವಿಮೆಯವರ ಕೋಷ್ಟಕದಲ್ಲೇ ಕಾರಿಗೆ ಒಂದು ವರ್ಷ ತುಂಬುವುದರೊಳಗೆ ಬೆಲೆ 15% ಇಳಿದಿರುತ್ತದೆ. ಏಳು ಲಕ್ಷಕ್ಕೆ 1,05,000 ರೂಪಾಯಿ. ಕಾರು ಶೆಡ್ಡಿನಲ್ಲಿ ನಿಂತೇ ನುಂಗುವ ಆ ದುಡ್ಡಿನಲ್ಲಿ ನಮ್ಮ ಕಡೆಗೋಲಿಗೆ ಐದು ಸಲ ಸಸ್ಪೆನ್ಷನ್ ಬದಲಿಸಬಹುದು.

ಗುಜರಿಗೆ ಹಾಕುವ ದಾರಿಯೂ ಇತ್ತು. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ತಂದ ನೀತಿಯ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಕ್ಕೆ ಕಾರು ಒಪ್ಪಿಸಿದರೆ ಅದೇ ಬಗೆಯ ಹೊಸ ಕಾರಿನ ಬೆಲೆಯ 4ರಿಂದ 6%ರಷ್ಟು ಕೈಗೆ ಬರುತ್ತದೆ, ಜೊತೆಗೊಂದು ಠೇವಣಿ ಪ್ರಮಾಣಪತ್ರ. ಅದನ್ನು ತೋರಿಸಿದರೆ ಹೊಸ ಕಾರಿನ ತೆರಿಗೆಯಲ್ಲಿ 25%ವರೆಗೂ ರಿಯಾಯಿತಿ ಕೊಡಬಹುದು. ವಾಪಸು ಬಾರದ ವಸ್ತುವಿಗೆ ಠೇವಣಿ ಎಂಬ ಹೆಸರಿಟ್ಟವರು ಖಂಡಿತ ನಮ್ಮ ಇಲಾಖೆಯವರೇ.

ಗುಜರಿ ಅಂದಾಗ ನನಗೆ ಇಲಾಖೆಯ ಅಂಬಾಸಿಡರ್ ನೆನಪಾಯಿತು. ಹಿಂದುಗಡೆ ಲಾರಿಯ ಹಾಗೆ ಪ್ಲೇಟು ಪ್ಲೇಟು ಜೋಡಿಸಿದ ಸ್ಪ್ರಿಂಗು. ಆರು ಜನ, ಮೂರು ಕಡತದ ಗಂಟು, ಒಂದು ಹಲಸಿನ ಹಣ್ಣು ಹೇರಿಕೊಂಡು ಆಗುಂಬೆಯ ಹದಿನಾಲ್ಕು ತಿರುವು ಇಳಿದವರು ನಾವು. ಆ ಕಾರಿಗೆ ಸಸ್ಪೆನ್ಷನ್ ಹೋಗುವುದು ಎಂದರೆ ಏನೆಂದೇ ತಿಳಿದಿರಲಿಲ್ಲ. ಪ್ಲೇಟು ಮುರಿದರೆ ಹಗ್ಗ ಕಟ್ಟಿ ಮುಂದಿನ ಊರಿಗೆ ತಲುಪಿಸುತ್ತಿದ್ದ ಡ್ರೈವರು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ಮಾಡುವುದು ನಿಲ್ಲಿಸಿತು. ಆದರೆ ಪ್ಲೇಟಿಗೆ ಸಾವಿಲ್ಲ. ಮಲೆನಾಡಿನ ಕಮ್ಮಾರರು ಲಾರಿ, ಜೀಪಿನ ಹಳೆಯ ಪ್ಲೇಟನ್ನೇ ಕಾಸಿ ಬಡಿದು ಕತ್ತಿ ಮಾಡುತ್ತಾರೆ. ನಮ್ಮ ಮಾವನ ಮನೆಯಲ್ಲಿ ಹಲಸು ಸೀಳುವ ಕತ್ತಿ ಹಾಗೆ ಹುಟ್ಟಿದ್ದು. ಬೇರೆ ಉಕ್ಕಿನ ಕತ್ತಿಗೆ ಆ ಹದ ಬರುವುದಿಲ್ಲ ಎಂದು ಮಾವ ಹೇಳುತ್ತಿದ್ದರು. ಆ ಹಲಸನ್ನು ಹೊತ್ತದ್ದೂ ಪ್ಲೇಟು, ಸೀಳಿದ್ದೂ ಪ್ಲೇಟು. ಈಗಿನ ಕಾರಿನ ಸುರುಳಿ ಸ್ಪ್ರಿಂಗಿಗೆ ಅಂಥ ಮರುಜನ್ಮ ಕಷ್ಟ.

ಲೆಕ್ಕವೆಲ್ಲ ನನ್ನ ಕಡೆಗೇ ವಾಲಿತು ಅಂದುಕೊಳ್ಳುವ ಹೊತ್ತಿಗೆ ಮಗ ಮತ್ತೆ ಫೋನು ಮಾಡಿದ. "ದುಡ್ಡಿನ ಮಾತು ಬಿಡಿ ಅಪ್ಪಾ. ಅದರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2019ರಿಂದ ಎಲ್ಲಾ ಹೊಸ ಕಾರಿಗೂ ಎಬಿಎಸ್ ಕಡ್ಡಾಯ, ಡ್ರೈವರಿಗೆ ಏರ್‌ಬ್ಯಾಗ್ ಕಡ್ಡಾಯ. ಸಸ್ಪೆನ್ಷನ್ ಹೊಸದಾದ ಮಾತ್ರಕ್ಕೆ ಅವು ಬರ್ತವಾ?" ಬರುವುದಿಲ್ಲ. ಈ ಮಾತಿಗೆ ನನ್ನ ಹತ್ತಿರ ಗಾದೆಯೂ ಇಲ್ಲ, ಕೋಷ್ಟಕವೂ ಇಲ್ಲ. ಮೇಷ್ಟ್ರು ಕೂಡ ಗೋಡೆಯ ಮೇಲೆ ಮೊಣಕೈ ಊರಿ ಎದುರಿನ ಸಂಪಿಗೆ ಮರ ನೋಡುತ್ತ ನಿಂತರು. ಕೊನೆಗೆ ಒಂದು ಕರಾರಾಯಿತು: ಬೆಂಗಳೂರಿಗೆ ಇನ್ನು ಮುಂದೆ ರೈಲು. ಎಕ್ಸ್‌ಪ್ರೆಸ್‌ವೇ ಕಡೆಗೆ ಕಾರಿನ ಮೂತಿಯನ್ನೂ ತಿರುಗಿಸುವ ಹಾಗಿಲ್ಲ. ಕತ್ತಲಾದ ಮೇಲೆ ಊರು ಬಿಡುವ ಹಾಗಿಲ್ಲ. ತವರಿಗೆ ಹೋದರೆ ಗಂಟೆಗೆ 60ರ ಒಳಗೆ. ಎಕ್ಸ್‌ಪ್ರೆಸ್‌ವೇ ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಅಲ್ಲಿ ನುಣುಪು ರಸ್ತೆಯಲ್ಲಿ ಕಾರು ಹಂಸದ ಹಾಗೆ ತೇಲುತ್ತದೆ, ಏನೂ ಆಗಿಲ್ಲವೆಂದು ನಂಬಿಸುತ್ತದೆ. ಗಂಟೆಗೆ 80ರಲ್ಲಿ ಥಟ್ಟನೆ ಪಕ್ಕಕ್ಕೆ ಸರಿಯಬೇಕಾಗಿ ಬಂದಾಗ ಸತ್ತ ಶಾಕ್ ಅಬ್ಸಾರ್ಬರ್ ತನ್ನ ನಿಜರೂಪ ತೋರಿಸುತ್ತದೆ.

ಕಾರಿನ ಕಾಲು ಮುರಿದವರು ಯಾರು ಎಂಬ ಚರ್ಚೆಯೂ ನಡೆಯಿತು. ಮೇಷ್ಟ್ರ ಪ್ರಕಾರ ಅಪರಾಧಿ ಗುಂಡಿಯಲ್ಲ, ಹಂಪು. ರಸ್ತೆಯುಬ್ಬು ಹೇಗಿರಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ. 17 ಮೀಟರ್ ತ್ರಿಜ್ಯದ ವೃತ್ತದ ಒಂದು ಚೂರು, ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಗಂಟೆಗೆ 25 ಕಿಲೋಮೀಟರಿನಲ್ಲಿ ಹಾಯಾಗಿ ದಾಟುವಂತಿರಬೇಕು. ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದರು (ಇನ್ನೂ ಇಟ್ಟುಕೊಂಡಿದ್ದಾರೆ!) ಮತ್ತು ನನ್ನ ಕಡೆಯ ಗೋಡೆಯ ಮೇಲೆ ಕಮಾನು ಬರೆದು ತಾಳೆ ನೋಡಿದರು. ಅರ್ಧ ಅಗಲ 1.85, ಅದರ ವರ್ಗ 3.42, ಅದನ್ನು 34ರಿಂದ ಭಾಗಿಸಿದರೆ 0.10. "ನೋಡಿ, ಸರಿಯಾಗಿ ಹತ್ತು ಸೆಂಟಿಮೀಟರು!" ಎಂದು ಮುಖ ಅರಳಿಸಿದರು. ಕಾಗದದಲ್ಲಿರುವುದು ಇಷ್ಟು ಚೆಂದ. ಊರಲ್ಲಿರುವುದು ಬೇರೆ. ಒಂದು ಮೇಕೆಗೋ ಮಗುವಿಗೋ ಪೆಟ್ಟಾದ ಸಂಜೆ ಊರವರು ಸೇರಿ ಹಾಕಿದ ಹಂಪಿಗೆ ತ್ರಿಜ್ಯ ಕೇಳುವವರು ಯಾರು? ಕಲ್ಲು, ಮಣ್ಣು, ಮೇಲೊಂದಿಷ್ಟು ಸಿಮೆಂಟು. ಅದು ಹಂಪಲ್ಲ, ಸಿಟ್ಟು. ಸಿಟ್ಟಿಗೆ ಬಿಳಿ ಬಣ್ಣ ಬಳಿಯುವುದೂ ಇಲ್ಲ, ರಾತ್ರಿ ಕಾಣುವುದೂ ಇಲ್ಲ. ಹೊಳೆನರಸೀಪುರದ ಕಡೆ ಸುಗ್ಗಿಯಲ್ಲಿ ರಸ್ತೆಗೆ ಹಾಸಿದ ಹುರುಳಿ ಸೊಪ್ಪಿನ ಮೇಲೆ ಹೋಗುವಾಗ ಮಾತ್ರ ನಮ್ಮ ಕಾರಿಗೆ ಹಳೆಯ ಯೌವನ ಮರಳಿದಂತಿರುತ್ತದೆ. ಒಕ್ಕಣೆ ಅವರದು, ಮೆತ್ತನೆ ಸವಾರಿ ನಮ್ಮದು. ತಳಕ್ಕೆ ಸಿಕ್ಕಿಕೊಂಡ ಹುಲ್ಲು ಸೈಲೆನ್ಸರಿನ ಬಿಸಿಗೆ ಹತ್ತಿಕೊಳ್ಳಬಹುದು ಎನ್ನುವುದೊಂದೇ ಎದೆಯ ಅಳುಕು.

ಮಾತು ಇಲ್ಲಿಗೆ ಬಂದಾಗ ಎಲ್ಲರೂ ಮಂಡಿನೋವಿನ ಹೋಲಿಕೆ ತೆಗೆಯುತ್ತಾರೆ. ನಮ್ಮ ಮಂಡಿಯೂ ಸವೆದಿದೆ, ಕಾರಿನ ಮಂಡಿಯೂ ಸವೆದಿದೆ, ಇತ್ಯಾದಿ. ಪೋಸ್ಟ್ ಆಫೀಸಿನಲ್ಲಿ ಒಬ್ಬರು, ಮದುವೆ ಮನೆಯಲ್ಲಿ ಇಬ್ಬರು ಹೇಳಿಯಾಯಿತು. ನಮ್ಮ ಮನೆಯಲ್ಲಿ ಆ ಮಾತಿಗೆ ನಿಷೇಧವಿದೆ. ಮನೆಯವಳ ಎರಡೂ ಮಂಡಿ ಬದಲಾಗಿರುವುದು, ಅದರ ಬಿಲ್ಲು ಕಟ್ಟಿದವನು ನಾನು.

ಸರಿ, ಗ್ಯಾರೇಜಿಗೆ ಹೋದೆವು. ಮೇಷ್ಟ್ರೂ ಬಂದರು, ಕರೆಯದೆ. ಭಾಯ್ ಮೊದಲು ಕೈ ಹಾಕಿದ್ದು ನಾವು ಯೋಚಿಸದೇ ಇದ್ದ ಜಾಗಕ್ಕೆ. ಬಾನೆಟ್ ಎತ್ತಿ, ಶಾಕ್ ಅಬ್ಸಾರ್ಬರಿನ ತಲೆ ಕೂರುವ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಕಟಕಟ ಬಡಿದ. ಕಾರಿನ ಕೆಳಗೆ ತೂರಿ ಅಲ್ಲಿಯೂ ಬಡಿದ, ತುದಿಯಿಂದ ಚುಚ್ಚಿದ. ತೆಂಗಿನಕಾಯಿ ಆರಿಸುವವರು ಬಡಿದು ಕಿವಿಗೊಡುತ್ತಾರಲ್ಲ, ಆ ಏಕಾಗ್ರತೆ. ಮೇಲೆದ್ದು, "ತುಕ್ಕು ಇಲ್ಲ ಸಾರ್. ಮಾಡಿಸಿ" ಅಂದ. "ಇದ್ದಿದ್ರೆ?" ಎಂದೆ. "ಇದ್ದಿದ್ರೆ ನಾನೇ ಬೇಡ ಅಂತಿದ್ದೆ. ಗೋಡೆ ಕೊಳೆತಿದ್ರೆ ಬಾಗಿಲು ಬದಲಾಯ್ಸಿ ಏನ್ ಬಂತು? ಮಂಗಳೂರು ಕಡೆಯಿಂದ ಬರೋ ಗಾಡಿ ನೋಡ್ಬೇಕು ನೀವು, ಬೆರಳು ಒಳಗೆ ಹೋಗುತ್ತೆ." ನಾನೂ ಮಗನೂ ಮೇಷ್ಟ್ರೂ ಮೂರು ವಾರ ಕುಟ್ಟಿದ ಹಿಟ್ಟಿನಲ್ಲಿ ಇಲ್ಲದ ಕಾಳು ಅದು. ದುರಸ್ತಿ ಮಾಡಿಸಬೇಕೋ ಬೇಡವೋ ಎಂಬುದನ್ನು 40 ಸಾವಿರವಲ್ಲ, 19 ಸಾವಿರವೂ ಅಲ್ಲ, ಆ ಅಂಗೈಯಗಲದ ತಗಡು ತೀರ್ಮಾನಿಸಿತು. ಮೈಸೂರಿನ ಒಣ ಹವೆಗೆ ನಾನು ಅವತ್ತಿನಷ್ಟು ಎಂದೂ ಕೃತಜ್ಞನಾಗಿರಲಿಲ್ಲ.

ಜಿಪುಣತನ ಅಷ್ಟಕ್ಕೇ ಬಿಡುವುದಿಲ್ಲವಲ್ಲ. ಹಿಂದಿನ ಎಡಗಡೆಯದು ಬಿಸಿಯಾಗುತ್ತಿದೆ, ಬದುಕಿದೆ, ಬಲಗಡೆಯದು ಮಾತ್ರ ಹಾಕು ಎಂದೆ. ಭಾಯ್ ಕೈಯೊರೆಸಿಕೊಳ್ಳುತ್ತ, "ಒಂದು ಕಾಲಿಗೆ ಹೊಸ ಬೂಟು, ಒಂದು ಕಾಲಿಗೆ ಹಳೇ ಹವಾಯಿ ಚಪ್ಪಲಿ ಹಾಕ್ಕೊಂಡು ವಾಕಿಂಗ್ ಹೋಗ್ತೀರಾ ಸಾರ್?" ಎಂದು ಕೇಳಿದ. ಜೊತೆಯಾಗಿ ಹಾಕದಿದ್ದರೆ ಬ್ರೇಕು ಹಿಡಿದಾಗ ಕಾರು ಒಂದು ಕಡೆ ಎಳೆಯುತ್ತದಂತೆ. ಹಳೆಯದಕ್ಕೆ ಎಣ್ಣೆ ತುಂಬಿಸಿ ರೀಕಂಡೀಷನ್ ಮಾಡಿಸಿದರೆ ಅರ್ಧ ದುಡ್ಡಿಗೆ ಆಗುತ್ತದಲ್ಲ ಎಂದು ಇನ್ನೊಂದು ಬಾಣ ಬಿಟ್ಟೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ, ಅಲ್ಲಿಂದ ಲೋಕಲ್ ತರಿಸಿದರೆ ಹೇಗೆ ಎಂದೂ ಕೇಳಿದೆ. ಭಾಯ್ ಉತ್ತರ ಹೇಳಲಿಲ್ಲ. ಬಿಚ್ಚಿದ ಲೋಯರ್ ಆರ್ಮ್ ತಂದು ನನ್ನ ಕೈಗಿಟ್ಟ.

ಬಾಲ್ ಜಾಯಿಂಟು ಎನ್ನುವುದು ನಮ್ಮ ಭುಜದ ಗುಂಡಿನಂಥ ಒಂದು ಗುಂಡು. ಕಿರುಬೆರಳಿನಲ್ಲಿ ತಳ್ಳಿದೆ. ಹಾಲುಹಲ್ಲಿನ ಹಾಗೆ ಲೊಟಲೊಟ ಅಲ್ಲಾಡಿತು. ಮುಂದಿನ ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುವುದು ಇದೇ. ರಸ್ತೆ ಬದಿಯಲ್ಲಿ ಒಂದು ಚಕ್ರ ಹೊರಕ್ಕೆ ಮಡಿಸಿಕೊಂಡು, ಮೂತಿ ನೆಲಕ್ಕೆ ಊರಿ ಕೂತ ಕಾರುಗಳನ್ನು ನೋಡಿದ್ದೇನೆ. ಪಾಪ, ಯಾರೋ ಗುದ್ದಿರಬೇಕು ಅಂದುಕೊಂಡು ಮುಂದೆ ಹೋಗಿದ್ದೇನೆ. ಯಾರೂ ಗುದ್ದಿರಬೇಕಾಗಿಲ್ಲ. ಹೀಗೊಂದು ಗುಂಡು ಕಳಚಿದರೆ ಸಾಕು. ಒಂದು ವರ್ಷದಿಂದ ನಾನು ಕೇಳಿ ಕೇಳದಂತಿದ್ದ, ನನ್ನಾಕೆ ಕೇಳಿಸಿಕೊಂಡು ಕಾಫಿಗೆ ಹಾಲಿಡುತ್ತಿದ್ದ ಕಡಕ್ ಇದೇ ಎಂದು ಭಾಯ್ ಹೇಳಿದಾಗ ಅಂಗೈ ಬೆವರಿತು. ಇಪ್ಪತ್ತೊಂದು ವರ್ಷದ ಕಾರಿನಲ್ಲಿ ಕುಣಿತವನ್ನು ಬೇಕಾದರೆ ಸಹಿಸಬಹುದು, ಮೊಸರು ಮಜ್ಜಿಗೆಯಾದರೂ ಕುಡಿಯಬಹುದು. ಈ ಗುಂಡಿನ ವಿಷಯದಲ್ಲಿ ಮಾತ್ರ ನಾಳೆ ನೋಡೋಣ ಎನ್ನುವ ಹಾಗಿಲ್ಲ. "ಎಲ್ಲಾ ಒರಿಜಿನಲ್ಲೇ ಹಾಕಪ್ಪ" ಅಂದೆ.

ಎರಡು ದಿನದ ಕೆಲಸ. ಒಂದು ಸಂಗತಿ ಮಾತ್ರ ಹೇಳಬೇಕು. ಗ್ಯಾರೇಜಿನ ಹೊಸ ಹುಡುಗ ಕಾರು ಎತ್ತಿದ್ದ ಹಾಗೆಯೇ ಲೋಯರ್ ಆರ್ಮಿನ ಬೋಲ್ಟುಗಳನ್ನು ಬಿಗಿಯಲು ಹೋದ. ಭಾಯ್ ಹುಡುಗನ ಕೈ ಹಿಡಿದ. ಕಾರು ನೆಲಕ್ಕೆ ಇಳಿಯಬೇಕು, ಚಕ್ರದ ಮೇಲೆ ತೂಕ ಬೀಳಬೇಕು, ಆಮೇಲೆ ಕೊನೆಯ ಬಿಗಿ. ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ಒಳಗಿನ ರಬ್ಬರ್ ಬುಷ್ ಇಡೀ ಆಯುಷ್ಯ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಮೇಷ್ಟ್ರು ಮರದ ಸ್ಟೂಲಿನಿಂದ ಎದ್ದು ನಿಂತು, "ಇದನ್ನ ನಾನು ಪಾಠದಲ್ಲಿ ಹೇಳಿಲ್ಲ" ಎಂದು ಮೆಲ್ಲಗೆ ಅಂದರು. ಮೂವತ್ತು ವರ್ಷ ಮಕ್ಕಳಿಗೆ ಬಲ, ತಿರುಚು, ಸ್ಥಿತಿಸ್ಥಾಪಕತೆ ಹೇಳಿದವರು.

ಸಂಜೆ ಕಾರು ತಂದೆ. ತಿರುವಿನ ಹಂಪು ಬಂತು, ಹೋಯಿತು. ಅಷ್ಟೆ! ಕಾರು ಒಮ್ಮೆ ಉಸಿರು ತೆಗೆದುಕೊಂಡಂತೆ ಎದ್ದು ಇಳಿಯಿತು. ಆದರೆ ಕಡಕ್ ನಿಂತ ಮೇಲೆ ಇಷ್ಟು ದಿನ ಅದರ ನೆರಳಿನಲ್ಲಿ ಅಡಗಿದ್ದ ಪುಡಿ ಸದ್ದುಗಳೆಲ್ಲ ಹೊರಬಂದವು: ಡ್ಯಾಶ್‌ಬೋರ್ಡಿನ ಕಿರಿಕಿರಿ, ಹಿಂದಿನ ಬಾಗಿಲಿನ ಗುಣುಗುಣು, ಡಿಕ್ಕಿಯಲ್ಲಿ ಜಾಕಿನ ಜೊತೆ ಉರುಳಾಡುವ ಯಾವುದೋ ತೆಂಗಿನಕಾಯಿ. ದೊಡ್ಡ ಸಾಹೇಬರು ವರ್ಗವಾದ ಮೇಲೆ ಗುಮಾಸ್ತರೆಲ್ಲ ಮಾತಾಡಲು ಶುರುಮಾಡಿದ ಹಾಗೆ.

ಗೇಟು ತೆಗೆದು, ಕಾರು ಒಳಗೆ ಬಿಟ್ಟು, ಚಪ್ಪಲಿ ಕಳಚಿ ಜಗಲಿಯಲ್ಲಿ ಕೂತೆ. ಐದು ನಿಮಿಷವಾದರೂ ಕಾಫಿ ಬರಲಿಲ್ಲ. ಒಳಗೆ ಹೋದರೆ ಮನೆಯವಳು ಟಿವಿ ಮುಂದೆ. "ಅಯ್ಯೋ, ಬಂದಿರಾ? ಬರೋದು ಒಂಚೂರೂ ಗೊತ್ತಾಗಲಿಲ್ಲವಲ್ರೀ. ಒಂದು ಫೋನಾದ್ರೂ ಮಾಡಬಾರದೇ?" ಅಂದಳು.

ಬಿಚ್ಚಿದ ಹಳೆಯ ಸಾಮಾನನ್ನೆಲ್ಲ ಭಾಯ್ ಗೋಣಿಚೀಲದಲ್ಲಿ ಕಟ್ಟಿ ಡಿಕ್ಕಿಗೆ ಹಾಕಿದ್ದ. ಗುಜರಿಯವನು ಬರುವ ಮುಂಚೆಯೇ ಮೇಷ್ಟ್ರು ಅದರಲ್ಲಿ ಕೈಯಾಡಿಸಿ ಹಿಂದಿನ ಎಡಗಡೆಯ, ಇನ್ನೂ ಬದುಕಿರುವ ಶಾಕ್ ಅಬ್ಸಾರ್ಬರನ್ನು ಎತ್ತಿಕೊಂಡು ಹೋದರು. ಎರಡು ದಿನ ಅವರ ಅಂಗಳದಿಂದ ಡ್ರಿಲ್ಲಿನ ಸದ್ದು. ಮೂರನೆಯ ದಿನ ನೋಡಿದರೆ ಅದು ಅವರ ಗೇಟಿಗೂ ಕಂಬಕ್ಕೂ ನಡುವೆ ಅಡ್ಡಲಾಗಿ ಕೂತಿದೆ. "ಸ್ಪ್ರಿಂಗಿಗೆ ಅಜ್ಜಿಯ ಕೈ ಜೊತೆ ಮಾಡಿದೆ ಸ್ವಾಮಿ. ಇನ್ನು ಸದ್ದು ಕೇಳಿಸಿದರೆ ಹೇಳಿ" ಎಂದು ಗೇಟನ್ನು ಪೂರ್ತಿ ತೆಗೆದು ಕೈಬಿಟ್ಟರು.

ಧಡಾರ್!

ಮೇಷ್ಟ್ರು ಗೇಟನ್ನೇ ನೋಡುತ್ತ ನಿಂತರು. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಗೋಡೆಯ ಕಡೆ ಬಂದರು. ಶಾಕ್ ಅಬ್ಸಾರ್ಬರು ನಿಂತಿರಬೇಕಾದ ವಸ್ತುವಂತೆ. ಒಳಗೆ ಮೇಲಿನ ಭಾಗದಲ್ಲಿ ಒಂದಿಷ್ಟು ಗಾಳಿ, ಕೆಳಗೆ ಎಣ್ಣೆ. ಅಡ್ಡ ಮಲಗಿಸಿದರೆ ಪಿಸ್ಟನ್ ಕಡೆಗೆ ಎಣ್ಣೆಯ ಬದಲು ಗಾಳಿ ನುಗ್ಗುತ್ತದೆ, ಗಾಳಿಗೆ ಒದ್ದಾಟವೆಲ್ಲಿ? ಓರೆಯಾಗಿ ನಿಲ್ಲಿಸಿದರೆ ಆಗಬಹುದೇ, ಎಷ್ಟು ಡಿಗ್ರಿ ಎಂದು ಹದಿನೈದು ದಿನದಿಂದ ನನ್ನ ಗೋಡೆಯ ಮೇಲೆ ಲೆಕ್ಕ ನಡೆಯುತ್ತಿದೆ. ದಿನವೂ ಬೆಳಗ್ಗೆ ವಾಕಿಂಗ್ ಮುಗಿಸಿ ಬಂದು, ಗೇಟು ಧಡಾರ್ ಎನ್ನಿಸಿ, ಸೀದಾ ಕಾಂಪೌಂಡಿಗೆ ಬರುತ್ತಾರೆ. ಆ ಧಡಾರ್ ಕೇಳಿದ ಕೂಡಲೇ ನಮ್ಮ ಅಡಿಗೆಮನೆಯಲ್ಲಿ ಎರಡು ಲೋಟದ ಹಾಲು ಒಲೆಗೆ ಏರುತ್ತದೆ.